ಎಸ್ಸಿಟಾಲೊಪ್ರಾಂ: ಅವಸರ ಒಗ್ಗದ ಮಾತ್ರೆ

‘ಒಂದು ವಾರ ನುಂಗಿದೆ, ಏನೂ ಪ್ರಯೋಜನ ಆಗಲಿಲ್ಲ, ಬಿಟ್ಟೆ.’ ‘ಈಗ ಆರಾಮಾಗಿದ್ದೀನಿ, ಇನ್ಯಾಕೆ ಮಾತ್ರೆ ಅಂತ ನಿಲ್ಲಿಸಿದೆ.’ ಖಿನ್ನತೆಗೆ ಔಷಧ ತೆಗೆದುಕೊಳ್ಳುವವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಗಳಿವು. ಎರಡರಲ್ಲೂ ಇರುವುದು ಅವಸರ. ಅನೇಕರ ಚಿಕಿತ್ಸೆ ಹಳಿ ತಪ್ಪುವುದೂ ಇಲ್ಲಿಯೇ.

ಖಿನ್ನತೆಗೆ, ವಿಪರೀತ ಆತಂಕಕ್ಕೆ ನಮ್ಮ ವೈದ್ಯರು ಹೆಚ್ಚಾಗಿ ಬರೆಯುವ ಔಷಧಗಳಲ್ಲಿ ಎಸ್ಸಿಟಾಲೊಪ್ರಾಂ ಒಂದು. ಡೆನ್ಮಾರ್ಕ್‌ನ ಲುಂಡ್‌ಬೆಕ್ ಕಂಪನಿ ಅಭಿವೃದ್ಧಿಪಡಿಸಿದ ಇದಕ್ಕೆ 2002ರಲ್ಲಿ ಅಮೆರಿಕದ ಅನುಮೋದನೆ ಸಿಕ್ಕಿತು. ಇಂದು ಭಾರತದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಜನೌಷಧಿ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಕೆಲಸ ಮಾಡುವ ಬಗೆ

ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಮುಟ್ಟಿಸಲು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ, ಬಳಿಕ ಅದನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಹೀಗೆ ಹೀರಿಕೊಳ್ಳುವುದನ್ನು ಎಸ್ಸಿಟಾಲೊಪ್ರಾಂ ತಡೆಯುತ್ತದೆ. ಈ ಕೆಲಸ ಮೊದಲ ದಿನವೇ ಶುರುವಾದರೂ ಮೆದುಳು ಅದಕ್ಕೆ ಹೊಂದಿಕೊಂಡು ಮನಸ್ಸು ಹಗುರಾಗಲು ವಾರಗಳೇ ಬೇಕು. ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಬದಲಾವಣೆ ಕಾಣತೊಡಗುತ್ತದೆ. ಪೂರ್ಣ ಪರಿಣಾಮಕ್ಕೆ 6ರಿಂದ 8 ವಾರ ಹಿಡಿಯಬಹುದು.

ವೈದ್ಯರು ಹೆಚ್ಚಾಗಿ 5 ಅಥವಾ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ; ದಿನದ ಗರಿಷ್ಠ ಪ್ರಮಾಣ 20 ಮಿಲಿಗ್ರಾಂ. ದಿನಕ್ಕೊಂದು ಬಾರಿ, ಊಟಕ್ಕೆ ಮುಂಚೆ ಅಥವಾ ನಂತರ, ನಿತ್ಯ ಒಂದೇ ಹೊತ್ತಿಗೆ ನುಂಗಿದರಾಯಿತು.

ಕಷ್ಟವೆಂದರೆ, ಗುಣಕ್ಕಿಂತ ಮೊದಲು ತೊಂದರೆಗಳೇ ತಲೆಹಾಕುತ್ತವೆ. ವಾಕರಿಕೆ, ತಲೆನೋವು, ನಿದ್ದೆಯ ಏರುಪೇರು, ಕೆಲವೊಮ್ಮೆ ಹೆಚ್ಚುವ ಚಡಪಡಿಕೆ. ಬಹುತೇಕರಲ್ಲಿ ಇವು ಒಂದೆರಡು ವಾರಗಳಲ್ಲಿ ಇಳಿಯುತ್ತವೆ. ಲೈಂಗಿಕ ಆಸಕ್ತಿ ಕುಗ್ಗುವುದೂ ಉಂಟು. ನಾಚಿಕೆಯಿಂದ ಮುಚ್ಚಿಡಬೇಡಿ, ಪ್ರಮಾಣ ಅಥವಾ ಔಷಧ ಬದಲಿಸುವ ದಾರಿ ವೈದ್ಯರ ಬಳಿ ಇದೆ.

ಮನೆಯವರು ಗಮನಿಸಬೇಕಾದ್ದು

25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ, ಪ್ರಮಾಣ ಬದಲಾದಾಗ ಸಾಯುವ ಆಲೋಚನೆ ಹೆಚ್ಚುವ ಸಾಧ್ಯತೆಯಿದೆ. ಅಂಥ ಮಾತು ಕಿವಿಗೆ ಬಿದ್ದರೆ ಅಂದೇ ವೈದ್ಯರನ್ನು ಕಾಣಿ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ಸುಸ್ತು, ಗೊಂದಲ ಕಾಣಿಸಬಹುದು. ಆಸ್ಪಿರಿನ್ ಅಥವಾ ಟ್ರಮಡಾಲ್‌ನಂಥ ನೋವಿನ ಮಾತ್ರೆ ಸೇವಿಸುತ್ತಿದ್ದರೆ, ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸುವಷ್ಟು ಅತಿ ಉತ್ಸಾಹದ ದಿನಗಳಿದ್ದರೆ, ಮೊದಲ ಭೇಟಿಯಲ್ಲೇ ತಿಳಿಸಿ.

ಸ್ಟ್ರಿಪ್ಪನ್ನು ತಿರುಗಿಸಿ ಹೆಸರು ಪೂರ್ತಿ ಓದಿ. ಎಡಬದಿಯ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಗುರುತು. ಕೆಲವು ಮಾತ್ರೆಗಳಲ್ಲಿ ಎಸ್ಸಿಟಾಲೊಪ್ರಾಂ ಜೊತೆ ಕ್ಲೋನಜೆಪಾಂ ಕೂಡ ಬೆರೆತಿರುತ್ತದೆ. ಕೂಡಲೇ ನೆಮ್ಮದಿ ಕೊಡುವ, ದಿನ ಕಳೆದಂತೆ ಅಭ್ಯಾಸವಾಗಿಬಿಡುವ ಔಷಧ ಅದು. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಇದನ್ನೇ ಕೊಂಡು ನುಂಗುವುದು ಅಪಾಯ.

ನಿಲ್ಲಿಸುವುದೂ ಚಿಕಿತ್ಸೆಯೇ

ಎಸ್ಸಿಟಾಲೊಪ್ರಾಂ ಮಾತ್ರ ಮದ್ಯ, ತಂಬಾಕಿನಂತೆ ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಇದನ್ನೇ ‘ಅಭ್ಯಾಸ ಆಗಿಬಿಟ್ಟಿದೆ’ ಎಂದು ಹೆದರುವವರಿದ್ದಾರೆ. ಮೊದಲ ಬಾರಿ ಖಿನ್ನತೆಗೆ ಒಳಗಾದವರು ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಆಮೇಲೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಎಲ್ಲ ಖಿನ್ನತೆಗೂ ಮಾತ್ರೆ ಬೇಕಿಲ್ಲ. ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಅದನ್ನು ನಿರ್ಧರಿಸಬೇಕಾದವರು ವೈದ್ಯರು, ನೆರೆಮನೆಯವರಲ್ಲ. ಯಾರನ್ನು ಕೇಳುವುದೆಂದು ತೋಚದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ಶುರು ಮಾಡುವಾಗ ವೈದ್ಯರ ಮಾತು ಕೇಳಿದಂತೆಯೇ ಬಿಡುವಾಗಲೂ ಕೇಳಿ.