ಥರ್ಮಾಮೀಟರ್ ನೋಡಿ ಕೊಡುವ ಸೂರು

ವಾಷಿಂಗ್ಟನ್ ಡಿಸಿಯಲ್ಲಿ ಮನೆಯಿಲ್ಲದವರಿಗೆ ರಾತ್ರಿ ಸೂರು ಕೇಳುವ ಹಕ್ಕಿದೆಯೋ ಇಲ್ಲವೋ ಎಂಬುದು ಅಂದಿನ ಚಳಿಯ ಮೇಲೆ ನಿಂತಿದೆ. ಬೀಸುಗಾಳಿಯ ಕೊರೆತವೂ ಸೇರಿ ಉಷ್ಣಾಂಶ 32 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನಮ್ಮ ಸೊನ್ನೆ ಡಿಗ್ರಿಗೆ, ಇಳಿದರೆ ನಗರಾಡಳಿತ ಸೂರು ಕೊಡಲೇಬೇಕು. 2005ರ ಕಾನೂನು ಹಾಗೆ ಹೇಳುತ್ತದೆ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ವ್ಯಾನುಗಳು ಬೀದಿ ಸುತ್ತಿ ಕಂಬಳಿ ಹಂಚುತ್ತವೆ, ಬರಲೊಪ್ಪಿದವರನ್ನು ಆಶ್ರಯತಾಣಕ್ಕೆ ಕರೆದೊಯ್ಯುತ್ತವೆ. ಚಳಿ ಕಡಿಮೆಯಾದರೆ ಒಂಟಿ ವ್ಯಕ್ತಿಗೆ ಹಾಸಿಗೆ ಸಿಗಲೂಬಹುದು. ಆದರೆ ಅದು ಹಕ್ಕಲ್ಲ.

ದೇಹ ಈ ಗೆರೆಯನ್ನು ಒಪ್ಪುವುದಿಲ್ಲ. ಮೈಯೊಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಹೈಪೋಥರ್ಮಿಯಾ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಮಳೆಗೆ ನೆಂದ ಬಟ್ಟೆ, ತುಸು ಗಾಳಿ, ಐದಾರು ಡಿಗ್ರಿ ಚಳಿ ಇದ್ದರೆ ಸಾಕು. ಅಟ್ಲಾಂಟಾ, ಷಾರ್ಲೆಟ್, ಕೊಲಂಬಿಯಾದಂಥ ದಕ್ಷಿಣದ ಊರುಗಳಲ್ಲಿ ಚಳಿಗಾಲ ಸೌಮ್ಯ ಎನ್ನುವ ಮಾತು ಇದರಿಂದಲೇ ಮೋಸದ್ದು.

ಬೀದಿಯಲ್ಲಿ ಚಳಿಗಾಲ ಕಂಡವರಿಗೆ ಹೊದಿಕೆಗಿಂತ ಮೊದಲು ಹಾಸಿನ ಚಿಂತೆ. ಕಾಂಕ್ರೀಟು ಮೈಯ ಶಾಖವನ್ನು ಹೀರಿಬಿಡುತ್ತದೆ. ಹಾಗಾಗಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಪದರದ ಮೇಲೆ ಪದರ ಹಾಸುತ್ತಾರೆ. ಒಣ ಕಾಲುಚೀಲಕ್ಕೆ ಚಿನ್ನದ ಬೆಲೆ. ಪಾದ ಒದ್ದೆಯಾಗಿಯೇ ಉಳಿದರೆ ಚರ್ಮ ಕೊಳೆಯುತ್ತದೆ. ಡಿಸಿಯ ಸರ್ಕಾರಿ ಕಟ್ಟಡಗಳನ್ನು ಬೆಚ್ಚಗಿಡಲು ನೆಲದಡಿಯ ಕೊಳವೆಗಳಲ್ಲಿ ಹಬೆ ಹರಿಯುತ್ತದೆ, ಫುಟ್‌ಪಾತಿನ ಕಬ್ಬಿಣದ ಜಾಲರಿಗಳಿಂದ ಅದು ಹೊರಗೂ ಬರುತ್ತದೆ. ಅದರ ಮೇಲೆ ಮಲಗಿದರೆ ಒಂದು ಮಗ್ಗುಲು ಬೇಯುತ್ತದೆ, ಬಟ್ಟೆಯೆಲ್ಲ ತೇವ. ಎದ್ದು ಆಚೆ ಹೋದರೆ ಆ ತೇವವೇ ಮೈಯನ್ನು ಕೊರೆಯುತ್ತದೆ. ಟೆಂಟಿನೊಳಗೆ ಪ್ರೊಪೇನ್ ಹೀಟರ್ ಹಚ್ಚಿದರೆ ಬೆಂಕಿಯ ಭಯ, ಕಾರ್ಬನ್ ಮಾನಾಕ್ಸೈಡ್ ಭಯ. ಒಂದು ಗುಟುಕು ಮದ್ಯ ಹಾಕಿದರೆ ಬೆಚ್ಚಗಾದಂತೆ ಅನಿಸುತ್ತದೆ. ನಿಜದಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಇದ್ದ ಶಾಖವೂ ಹೋಗುತ್ತದೆ.

ಆಶ್ರಯತಾಣಕ್ಕೆ ಹೋಗಬಾರದೇ? ಹಲವು ಕಡೆ ಗಂಡ ಹೆಂಡತಿ ಬೇರೆ ಬೇರೆ ಮಲಗಬೇಕು, ನಾಯಿಯನ್ನು ಬಿಡುವುದಿಲ್ಲ, ಗಂಟುಮೂಟೆಗೆ ಜಾಗವಿಲ್ಲ. ಪಕ್ಕದ ಹಾಸಿಗೆಯವನು ಚಪ್ಪಲಿ ಕದ್ದಾನೆಂಬ ಅಳುಕು ಬೇರೆ. ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಬಾಗಿಲೇ ಮುಚ್ಚಿರುತ್ತದೆ.

ಡಿಸಿಗೆ ಈ ಅರ್ಧ ಹಕ್ಕು ಸುಮ್ಮನೆ ಬಂದದ್ದಲ್ಲ. 1984ರಲ್ಲಿ ಮಿಚ್ ಸ್ನೈಡರ್ ಎಂಬ ಹೋರಾಟಗಾರ, ಸಂಸತ್ ಭವನದ ಹತ್ತಿರ ಪಾಳುಬಿದ್ದಿದ್ದ ಸರ್ಕಾರಿ ಕಟ್ಟಡವೊಂದನ್ನು ಆಶ್ರಯತಾಣವಾಗಿ ದುರಸ್ತಿ ಮಾಡಿಕೊಡಿ ಎಂದು 51 ದಿನ ಉಪವಾಸ ಕೂತರು. ಅಧ್ಯಕ್ಷೀಯ ಚುನಾವಣೆಗೆ ಎರಡು ದಿನ ಇರುವಾಗ ರೇಗನ್ ಆಡಳಿತ ಮಣಿಯಿತು. ಅದೇ ಚುನಾವಣೆಯಲ್ಲಿ ಡಿಸಿಯ ಮತದಾರರು ಕೇಳಿದವರಿಗೆಲ್ಲ ರಾತ್ರಿಯ ಸೂರು ಎಂಬ ಪ್ರಸ್ತಾಪವನ್ನು ಭಾರೀ ಬಹುಮತದಿಂದ ಗೆಲ್ಲಿಸಿದರು. ಮರುತಿಂಗಳೇ, ಶ್ವೇತಭವನದ ಎದುರಿನ ಲಾಫಯೆಟ್ ಪಾರ್ಕಿನಲ್ಲಿ ಎರಡನೇ ಮಹಾಯುದ್ಧದ ಪದಕ ಪಡೆದಿದ್ದ ಮಾಜಿ ಸೈನಿಕರೊಬ್ಬರು ಚಳಿಗೆ ಸತ್ತರು. ಬದುಕಿದ್ದಾಗ ಸಿಗದ ಜಾಗ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಸಿಕ್ಕಿತು. ಖರ್ಚು ಏರುತ್ತಿದ್ದಂತೆ ಆರೇ ವರ್ಷಗಳಲ್ಲಿ, 1990ರಲ್ಲಿ, ನಗರ ಆ ಹಕ್ಕನ್ನು ಮೊಟಕುಗೊಳಿಸಿತು. ಕೊನೆಗೆ ಉಳಿದದ್ದು ಥರ್ಮಾಮೀಟರಿನ ಗೆರೆ.

ಅಟ್ಲಾಂಟಾದ ಕಥೆ ಮನೆ ಕೆಡವಿದ್ದರಿಂದ ಶುರುವಾಗುತ್ತದೆ. ಅಮೆರಿಕದ ಮೊದಲ ಸಾರ್ವಜನಿಕ ವಸತಿ ಬಡಾವಣೆ ಟೆಕ್‌ವುಡ್ ಹೋಮ್ಸ್ 1936ರಲ್ಲಿ ಎದ್ದದ್ದು ಅಲ್ಲೇ; 1996ರ ಒಲಿಂಪಿಕ್ಸ್ ಹೊತ್ತಿಗೆ ಅದನ್ನು ನೆಲಸಮ ಮಾಡಲಾಯಿತು. ನಂತರದ ಒಂದೂವರೆ ದಶಕದಲ್ಲಿ ಉಳಿದ ದೊಡ್ಡ ಬಡಾವಣೆಗಳೂ ಹೋದವು. ಪೀಚ್‌ಟ್ರೀ-ಪೈನ್‌ನ ದೊಡ್ಡ ಆಶ್ರಯತಾಣ 2017ರಲ್ಲಿ ಮುಚ್ಚಿತು. 2025ರ ಜನವರಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಎಬೆನೆಜರ್ ಚರ್ಚಿನ ಬಳಿ ಟೆಂಟುಗಳನ್ನು ತೆರವುಗೊಳಿಸುವಾಗ, ಟೆಂಟಿನೊಳಗಿದ್ದ ಒಬ್ಬರು ಯಂತ್ರದಡಿ ಸಿಕ್ಕು ಸತ್ತರು. ಕಿಂಗ್ ಜನ್ಮದಿನದ ರಜೆಗೆ ಕೆಲವೇ ದಿನ ಬಾಕಿ ಇತ್ತು.

ಕುಡಿತ, ಮಾದಕವಸ್ತು, ಮಾನಸಿಕ ಕಾಯಿಲೆ ಇವೇ ಕಾರಣ ಎಂಬ ವಿವರಣೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಯಾರು ಮೊದಲು ಬೀದಿಗೆ ಬೀಳುತ್ತಾರೆ ಎಂಬುದಕ್ಕೆ ಅದು ಉತ್ತರವಾದೀತು. ಎಷ್ಟು ಜನ ಬೀಳುತ್ತಾರೆ ಎಂಬುದನ್ನು ಹೇಳುವುದು ಬಾಡಿಗೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎವಿಕ್ಷನ್ ಲ್ಯಾಬ್ ಲೆಕ್ಕದಂತೆ, ದಕ್ಷಿಣ ಕ್ಯಾರೊಲಿನಾದ ನಾರ್ತ್ ಚಾರ್ಲ್ಸ್‌ಟನ್ 2016ರಲ್ಲಿ ಬಾಡಿಗೆದಾರರನ್ನು ಹೊರಹಾಕುವುದರಲ್ಲಿ ದೇಶದ ದೊಡ್ಡ ನಗರಗಳಲ್ಲೇ ಮೊದಲಿತ್ತು: ನೂರು ಬಾಡಿಗೆ ಮನೆಗೆ 16.5. ಒಕ್ಕೂಟ ಸರ್ಕಾರದ ಬಾಡಿಗೆ ನೆರವು ಅರ್ಹರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗಷ್ಟೇ ಸಿಗುತ್ತದೆ. ಡಿಸಿಯಲ್ಲಂತೂ 2013ರಲ್ಲಿ 70,000ಕ್ಕೂ ಹೆಚ್ಚು ಹೆಸರು ಸೇರಿದ ಮೇಲೆ ಕಾಯುವವರ ಪಟ್ಟಿಯನ್ನೇ ಮುಚ್ಚಿದರು. 2024ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ದೇಶಾದ್ಯಂತ ಮನೆಯಿಲ್ಲದವರು 7,71,480. ಆರು ತಿಂಗಳಲ್ಲಿ, ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ, ಬಯಲಲ್ಲಿ ಮಲಗಿದವರಿಗೆ ದಂಡ ಹಾಕಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ನಮ್ಮಲ್ಲೂ ಇದು ಹೊಸದಲ್ಲ. ದೆಹಲಿಯ ಚಳಿ ಸಾವುಗಳ ಬೆನ್ನಲ್ಲೇ, 2010ರಲ್ಲಿ, ದೊಡ್ಡ ನಗರಗಳು ಲಕ್ಷ ಜನಸಂಖ್ಯೆಗೊಂದರಂತೆ ವರ್ಷವಿಡೀ ತೆರೆದಿರುವ ಆಶ್ರಯತಾಣ ನಡೆಸಬೇಕೆಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು. 2011ರ ಜನಗಣತಿಯ ಪ್ರಕಾರ ಬೆಂಗಳೂರಿಗೆ ಎಂಬತ್ತಕ್ಕೂ ಹೆಚ್ಚು ಬೇಕಿತ್ತು. ಕಟ್ಟಿದ್ದು ಅದಕ್ಕಿಂತ ಬಹಳ ಕಡಿಮೆ. ಆದರೆ ಭಿಕ್ಷುಕರ ಕರವನ್ನು ಮಾತ್ರ ಆಸ್ತಿ ತೆರಿಗೆಯ ಜತೆ ತಪ್ಪದೆ ಕಟ್ಟಿಸಿಕೊಳ್ಳುತ್ತೇವೆ.

ಹಾಗಾದರೆ ಇದಕ್ಕೆ ಮದ್ದೇ ಇಲ್ಲವೇ? ಇದೆ, ಪರೀಕ್ಷೆಯೂ ಆಗಿದೆ. ಷಾರ್ಲೆಟ್‌ನ ಮೂರ್ ಪ್ಲೇಸ್ ಎಂಬ ವಸತಿ ಯೋಜನೆ 2012ರಲ್ಲಿ 85 ಮಂದಿಗೆ ಮೊದಲು ಮನೆಯ ಕೀಲಿ ಕೊಟ್ಟಿತು, ಚಿಕಿತ್ಸೆಯ ಮಾತು ಆಮೇಲೆ. ಅವರ ತುರ್ತು ಚಿಕಿತ್ಸೆಯ ಓಡಾಟವೂ ಜೈಲುವಾಸವೂ ಬಹಳ ಇಳಿದವು. ಮಾಜಿ ಸೈನಿಕರಿಗೆ ದೇಶಾದ್ಯಂತ ಇದನ್ನೇ ಮಾಡಿದರು: ಬಾಡಿಗೆ ಚೀಟಿ, ಜತೆಗೆ ವಿಚಾರಿಸಿಕೊಳ್ಳಲು ಒಬ್ಬ ಕಾರ್ಯಕರ್ತ. 2010ರಿಂದ 2024ರೊಳಗೆ ಮನೆಯಿಲ್ಲದ ಮಾಜಿ ಸೈನಿಕರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಉಳಿದವರ ಸಂಖ್ಯೆ ಏರಿತು. ಕುಡಿತವೂ ಕಾಯಿಲೆಯೂ ಸೈನಿಕರಲ್ಲಿ ಕಡಿಮೆಯೇನಲ್ಲ. ವ್ಯತ್ಯಾಸ ಇಷ್ಟೇ: ಅವರಿಗೆ ಮನೆ ಕೊಟ್ಟರು, ಉಳಿದವರಿಗೆ ಚಳಿ ಬಿದ್ದ ರಾತ್ರಿಗಳನ್ನಷ್ಟೇ ಕೊಟ್ಟರು.