ಕರೆಂಟ್ ಹೋಗಿ ಡೀಪ್ ಫ್ರೀಜರ್ ನಿಂತಿತಾ? ಒಳಗಿನ ಮೀನು, ಕೋಳಿ, ಹಲಸಿನ ತೊಳೆ ಉಳಿಸೋದಾ, ಎಸೆಯೋದಾ?



ಮಳೆಗಾಲ ಜೋರಾದರೆ ನಮ್ಮ ಮಲೆನಾಡಿನ ಕಡೆ ಮರ ಬಿದ್ದು ಲೈನ್ ತುಂಡಾಗೋದು, ಕಂಬ ಒರಗೋದು ಹೊಸದೇನಲ್ಲ. ಮೊದಲೆಲ್ಲ ಕರೆಂಟ್ ಹೋದರೆ ದೀಪ ಹಚ್ಚಿಕೊಂಡು ಕೂತರೆ ಮುಗೀತಿತ್ತು. ಈಗ ಎಷ್ಟೋ ಮನೆಗಳಲ್ಲಿ ಡೀಪ್ ಫ್ರೀಜರ್ ಇದೆ. ಮೇ ತಿಂಗಳಲ್ಲಿ ಬಿಡಿಸಿಟ್ಟ ಹಲಸಿನ ತೊಳೆ, ಮಾವಿನ ರಸ, ಕ್ಲೀನ್ ಮಾಡಿ ಪ್ಯಾಕ್ ಮಾಡಿದ ನಾಟಿ ಕೋಳಿ ಎಲ್ಲ ಅದರೊಳಗೇ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರೋದರಿಂದ ಮೊದಲೇ ತಂದಿಟ್ಟ ಬಂಗುಡೆಯೂ ಅಲ್ಲೇ. ಕೆಲವರು ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಮಾರಾಟ ಮಾಡ್ತಾರೆ. ನಾನೂ ಅವರಲ್ಲೊಬ್ಬ.

ಒಂದೂವರೆ ದಿನ ಕರೆಂಟ್ ಇಲ್ಲದೆ ಆಮೇಲೆ ಬಂತು ಅಂದ್ಕೊಳ್ಳಿ. ಮುಚ್ಚಳ ತೆಗೆದ್ರೆ ಕೆಲವು ಪ್ಯಾಕೆಟ್ ಕಲ್ಲಿನಂತಿವೆ, ಕೆಲವು ಮೆತ್ತಗಾಗಿವೆ. ಸಾವಿರಾರು ರೂಪಾಯಿ ಮಾಲು. ಆಗ ಎಲ್ಲರೂ ಮಾಡೋದು ಒಂದೇ: ಮೂಸಿ ನೋಡೋದು. ವಾಸನೆ ಇಲ್ಲ ಅಂದ್ರೆ ಮತ್ತೆ ಮುಚ್ಚಿಡೋದು.

ಈ ವಾರ ನಾನು ಹೇಳೋಕೆ ಹೊರಟಿದ್ದು ಇಷ್ಟೇ: ಈ ತೀರ್ಮಾನ ಮೂಗಿಗೆ, ನಾಲಿಗೆಗೆ ಬಿಡಬೇಡಿ. ಐಸ್, ಥರ್ಮಾಮೀಟರ್, ಗಡಿಯಾರ, ಈ ಮೂರನ್ನು ಕೇಳಿ.

ಮೂಗನ್ನು ಯಾಕೆ ನಂಬಬಾರದು?

ಫ್ರೀಜರ್ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲೋದಿಲ್ಲ, ಮಲಗಿಸಿಡುತ್ತೆ ಅಷ್ಟೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ಬೆಳೆಯೋದಿಲ್ಲ. ಕರಗಿ ಬೆಚ್ಚಗಾದ ತಕ್ಷಣ ಎದ್ದು ಕೆಲಸ ಶುರು ಮಾಡ್ತವೆ. ಸುಮಾರು 4 ಡಿಗ್ರಿಯಿಂದ 60 ಡಿಗ್ರಿವರೆಗೆ ಅಪಾಯದ ವಲಯ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೇ ಎರಡರಷ್ಟಾಗ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಹಾರಕ್ಕೆ ಕೆಟ್ಟ ವಾಸನೆ ಬರಿಸೋ ಬ್ಯಾಕ್ಟೀರಿಯಾ ಬೇರೆ, ನಮಗೆ ಕಾಯಿಲೆ ತರೋವು ಬಹುಪಾಲು ಬೇರೆ. ಕಾಯಿಲೆ ತರೋವು ಸಾಕಷ್ಟು ಬೆಳೆದಿದ್ದರೂ ಕೋಳಿ ವಾಸನೆ, ಬಣ್ಣ, ರುಚಿ ಎಲ್ಲ ಸರಿಯಾಗೇ ಇರಬಹುದು. ವಾಸನೆ ಬಂದರೆ ಎಸೀಬೇಕು ನಿಜ. ಬರಲಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತ ಅರ್ಥ ಅಲ್ಲ. "ಸ್ವಲ್ಪ ರುಚಿ ನೋಡಿದ್ರೆ ಗೊತ್ತಾಗುತ್ತೆ" ಅನ್ನೋದಂತೂ ಬೇಡವೇ ಬೇಡ.

ಚೆನ್ನಾಗಿ ಬೇಯಿಸಿದ್ರೆ ಆಗಲ್ವಾ?

ಎಲ್ಲದಕ್ಕೂ ಆಗಲ್ಲ. ಬೇಯಿಸಿದ್ರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅವು ಬಿಟ್ಟುಹೋದ ವಿಷ ಉಳಿಯಬಹುದು. ಸ್ಟ್ಯಾಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮಾಡೋ ವಿಷ ಕುದಿಸಿದರೂ ಸುಲಭಕ್ಕೆ ಹೋಗಲ್ಲ.

ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನು ಬೆಚ್ಚಗಿದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನೋ ಪದಾರ್ಥ ಹುಟ್ಟುತ್ತೆ. ಹುಳಿ ಹಾಕಿ ಕುದಿಸಿದರೂ, ಎಣ್ಣೆಯಲ್ಲಿ ಕರಿದರೂ, ಮತ್ತೆ ಫ್ರೀಜ್ ಮಾಡಿದರೂ ಅದು ಹೋಗಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ, ಮೈ ಕೆಂಪಾಗಿ ತುರಿಕೆ, ತಲೆನೋವು, ವಾಂತಿ ಶುರುವಾಗಬಹುದು. ಎಷ್ಟೋ ಜನ ಇದನ್ನು "ಮೀನು ಅಲರ್ಜಿ" ಅಂದ್ಕೊಂಡು ಸುಮ್ಮನಾಗ್ತಾರೆ. ಉಸಿರಾಟಕ್ಕೆ ಕಷ್ಟ ಆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಐಸ್ ಉಳಿದಿದ್ದರೆ ಯಾಕೆ ಧೈರ್ಯ?

1 ಕೆಜಿ ಐಸ್ ಪೂರ್ತಿ ಕರಗಿ ನೀರಾಗೋಕೆ ಎಷ್ಟು ಶಾಖ ಬೇಕೋ, ಅಷ್ಟೇ ಶಾಖದಲ್ಲಿ 1 ಕೆಜಿ ನೀರನ್ನು 0 ಡಿಗ್ರಿಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು. ಅಂದ್ರೆ ಕರಗೋ ಐಸ್ ಭಾರೀ ಪ್ರಮಾಣದ ಶಾಖ ನುಂಗಿಕೊಳ್ಳುತ್ತೆ. ಪ್ಯಾಕೆಟ್ ಒಳಗೆ ಐಸ್ ಹರಳು ಇರೋತನಕ ಅದರ ತಾಪಮಾನ ಹೆಚ್ಚುಕಮ್ಮಿ 0 ಡಿಗ್ರಿ ಹತ್ತಿರವೇ ನಿಂತಿರುತ್ತೆ. ಕೊನೆಯ ಹರಳು ಕರಗಿದ ಮೇಲೆ ಬೇಗ ಬೇಗ ಏರುತ್ತೆ.

ಅದಕ್ಕೇ ಅಮೆರಿಕದ ಕೃಷಿ ಇಲಾಖೆ ಜನರಿಗೆ ಹೇಳೋ ಮುಖ್ಯ ನಿಯಮ ಇದು: ಆಹಾರದಲ್ಲಿ ಇನ್ನೂ ಐಸ್ ಹರಳು ಇದ್ದರೆ, ಅಥವಾ ಅದು 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದರೆ, ಮತ್ತೆ ಫ್ರೀಜ್ ಮಾಡಬಹುದು ಅಥವಾ ಬೇಯಿಸಬಹುದು. ರುಚಿ, ಗಟ್ಟಿತನ ಸ್ವಲ್ಪ ಕಡಿಮೆಯಾಗುತ್ತೆ, ಅಪಾಯ ಇಲ್ಲ. ಮಾಂಸ, ಮೀನು, ಹಾಲಿನಂಥವು 4 ಡಿಗ್ರಿಗಿಂತ ಮೇಲೆ 2 ಗಂಟೆ ಇದ್ದರೆ ಎಸೀಬೇಕು.

ಗಮನಿಸಿ, ಆ 2 ಗಂಟೆ ಲೆಕ್ಕ ಕರೆಂಟ್ ಹೋದಾಗಿಂದ ಅಲ್ಲ, ಆಹಾರ 4 ಡಿಗ್ರಿ ದಾಟಿದಾಗಿಂದ. ಯಾವಾಗ ದಾಟಿತು ಅಂತ ಗೊತ್ತಿಲ್ಲದಿದ್ದರೆ ಎಸೆಯೋದೇ ಸರಿ.

ಕರೆಂಟ್ ಹೋದ ತಕ್ಷಣ ಏನ್ ಮಾಡ್ಬೇಕು?

1. ಮೊಬೈಲ್‌ನಲ್ಲಿ ಟೈಮ್ ಬರೆದಿಡಿ.

2. ಮುಚ್ಚಳ ತೆಗೀಬೇಡಿ. ಮುಚ್ಚಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಣ್ಣಗಿರುತ್ತೆ. ಬಿಸಿಲು ಬೀಳೋ ಶೆಡ್‌ನಲ್ಲಿಟ್ಟಿದ್ದರೆ, ಮುಚ್ಚಳದ ರಬ್ಬರ್ ಹರಿದಿದ್ದರೆ ಇಷ್ಟು ಹೊತ್ತು ತಡೆಯಲ್ಲ. ಸಿಂಗಲ್ ಡೋರ್ ಫ್ರಿಜ್ ಮೇಲಿನ ಸಣ್ಣ ಫ್ರೀಜರ್‌ಗೂ ಈ ಲೆಕ್ಕ ಹಿಡಿಯಬೇಡಿ. ಫ್ರಿಜ್‌ನ ಕೆಳಭಾಗ ಅಂತೂ ಬಾಗಿಲು ಮುಚ್ಚಿದ್ದರೂ 4 ಗಂಟೆ ಅಷ್ಟೆ.

3. 1912ಕ್ಕೆ ಫೋನ್ ಮಾಡಿ ದೂರು ಕೊಡಿ, ಎಷ್ಟು ಹೊತ್ತಾಗಬಹುದು ಅಂತ ಕೇಳಿ. ಒಂದು ದಿನಕ್ಕಿಂತ ಹೆಚ್ಚು ಅಂದ್ರೆ ಪೇಟೆಯ ಮೀನು ಅಂಗಡಿಯಿಂದ ಐಸ್ ತರೋದೋ, ಜನರೇಟರ್ ಇರೋರ ಮನೆಗೆ ಸಾಗಿಸೋದೋ ಆಗಲೇ ಯೋಚಿಸಿ. ಕರಗಿದ ಮೇಲೆ ಓಡಾಡಿ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ. ಹಳ್ಳಿಯಲ್ಲಿ ಕರೆಂಟ್ ಹೋಗದೆಯೂ ಫ್ರೀಜರ್ ನಿಲ್ಲುತ್ತೆ. ಲೋ ವೋಲ್ಟೇಜ್ ಇದ್ದರೆ ದೀಪ ಉರೀತಿರುತ್ತೆ, ಕಂಪ್ರೆಸರ್ ಮಾತ್ರ ಗುಂಯ್ ಅಂದು ಸುಮ್ಮನಾಗುತ್ತೆ. ಇಲಿ ವೈರ್ ಕಡಿದಿರುತ್ತೆ. ಇಂಥ ಕಡೆ "ಯಾವಾಗ ನಿಂತಿತು" ಅನ್ನೋದೇ ಗೊತ್ತಾಗಲ್ಲ. ಅದಕ್ಕೆ ಕೆಳಗಿನ ಉಪಾಯ.

ಲೋಟ ಮತ್ತು ಒಂದು ರೂಪಾಯಿ ನಾಣ್ಯ

ಸ್ಟೀಲ್ ಲೋಟದಲ್ಲಿ ಮುಕ್ಕಾಲು ನೀರು ಹಾಕಿ ಗಟ್ಟಿಯಾಗಿ ಐಸ್ ಮಾಡಿ. ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನ ಮೇಲ್ಭಾಗದಲ್ಲಿಡಿ. ಮೊದಲು ಬೆಚ್ಚಗಾಗೋದು ಮೇಲ್ಭಾಗವೇ. ನಾಣ್ಯ ಮೇಲೇ ಇದ್ದರೆ ಐಸ್ ಕರಗಿಲ್ಲ. ತಳಕ್ಕೆ ಹೋಗಿದ್ದರೆ, ನೀವಿಲ್ಲದಾಗ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ನಡುವೆ ಇದ್ದರೆ ಒಂದೊಂದೇ ಪ್ಯಾಕೆಟ್ ನೋಡಬೇಕು.

ಪ್ಯಾಕೆಟ್‌ಗಳೂ ಸುಳಿವು ಕೊಡ್ತವೆ. ಬಿಡಿಬಿಡಿಯಾಗಿದ್ದ ಬಟಾಣಿ, ಅವರೆಕಾಳು ಒಂದೇ ಗಡ್ಡೆ ಆಗಿದೆಯಾ? ಕೋಳಿ ಪ್ಯಾಕೆಟ್ ತಳದಲ್ಲಿ ಕೆಂಪು ನೀರು ಹೆಪ್ಪುಗಟ್ಟಿದೆಯಾ? ಆಕಾರ ಚಪ್ಪಟೆ ಆಗಿದೆಯಾ? ಹಾಗಿದ್ದರೆ ಅದು ಒಮ್ಮೆ ಕರಗಿದೆ. ಈಗ ಕಲ್ಲಿನಂತಿದೆ ಅನ್ನೋದನ್ನು ನಂಬಬೇಡಿ.

ಥರ್ಮಾಮೀಟರ್ ಬಗ್ಗೆ ಎರಡು ಮಾತು

ಅಡುಗೆಗೆ ಬಳಸೋ, ಕಡ್ಡಿ ಚುಚ್ಚೋ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಐಸ್ ಕಲಸಿದ ನೀರಲ್ಲಿಟ್ಟರೆ 0 ತೋರಿಸಬೇಕು, ಅದೇ ಪರೀಕ್ಷೆ. ಗನ್ ಥರ್ಮಾಮೀಟರ್ ಮೇಲ್ಮೈ ಮಾತ್ರ ನೋಡುತ್ತೆ. ಮೊಬೈಲ್ ಆ್ಯಪ್ ತೋರಿಸೋದು ಹವಾಮಾನದ ತಾಪಮಾನ, ನಿಮ್ಮ ಕೋಳಿಯದಲ್ಲ.

ಯಾವುದಕ್ಕೆ ಯಾವ ತೀರ್ಮಾನ?

ಐಸ್ ಹರಳಿಲ್ಲ, 4 ಡಿಗ್ರಿ ದಾಟಿದೆ ಅಂದಾಗ:

- ಕೋಳಿ, ಕುರಿ, ಹಂದಿ ಮಾಂಸ, ಮೀನು, ಸಿಗಡಿ: 2 ಗಂಟೆ ದಾಟಿದ್ದರೆ ಎಸೆಯಿರಿ.
- ಬೇಯಿಸಿಟ್ಟ ಸಾರು, ಪಲ್ಯ, ಹಾಲು, ಪನೀರ್, ಖೋವಾ: ಇದೇ ನಿಯಮ. ಕರಗಿದ ಐಸ್‌ಕ್ರೀಮ್ ಎಸೆಯಿರಿ.
- ಹಿದುಕಿದ ಅವರೆಬೇಳೆ, ಬಟಾಣಿ, ಬೇರೆ ತರಕಾರಿ: 6 ಗಂಟೆ ದಾಟಿದ್ದರೆ ಎಸೆಯಿರಿ.
- ಕಾಯಿತುರಿ: ಬೇಗ ಕೆಡುತ್ತೆ. ನಾನು ಮಾಂಸದ ನಿಯಮವನ್ನೇ ಹಾಕ್ತೀನಿ.
- ಮಾವಿನ ರಸ, ಹಲಸಿನ ಹಣ್ಣಿನ ತೊಳೆ: ಹಣ್ಣಿಗೆ ಸ್ವಲ್ಪ ಸಡಿಲ ಇದೆ. ಬೂಸ್ಟು, ಲೋಳೆ, ಹೆಂಡದಂಥ ಹುಳಿ ವಾಸನೆ ಇದ್ದರೆ ಎಸೆಯಿರಿ. ಇಲ್ಲದಿದ್ದರೆ ಆವತ್ತೇ ಕಡುಬು, ಪಾಯಸ ಮಾಡಿ ಮುಗಿಸಿ. ಹಲಸಿನಕಾಯಿ ತೊಳೆ ಆದರೆ ತರಕಾರಿ ಲೆಕ್ಕ.
- ರವೆ, ಹಿಟ್ಟು, ಒಣ ಮೆಣಸಿನಕಾಯಿ: ಒದ್ದೆಯಾಗಿಲ್ಲ ಅಂದ್ರೆ ತೊಂದರೆ ಇಲ್ಲ.

ಹಸಿ ಮಾಂಸದ ನೀರು ಸೋರಿ ಯಾವುದರ ಮೇಲೆ ಬಿದ್ದಿದೆಯೋ, ಅದು ಹಣ್ಣೇ ಆಗಿರಲಿ, ಅದನ್ನೂ ಎಸೆಯಿರಿ.

ನಮ್ಮ ಮನೆಯಲ್ಲಿ ನಡೆದದ್ದು

ಹೋದ ಜುಲೈನಲ್ಲಿ ನಮ್ಮಲ್ಲಿ 31 ಗಂಟೆ ಕರೆಂಟ್ ಇರಲಿಲ್ಲ. ಫ್ರೀಜರ್ ಮುಕ್ಕಾಲು ತುಂಬಿತ್ತು, ಮುಚ್ಚಳ ತೆಗೆದಿರಲಿಲ್ಲ. ತೆಗೆದು ನೋಡಿದರೆ ನಾಣ್ಯ ಲೋಟದ ನಡುವೆ. ತಳದಲ್ಲಿದ್ದ ಕೋಳಿ ಕಲ್ಲು. ನಡುವಿನ ಹಣ್ಣಿನ ತೊಳೆ ಮೆತ್ತಗಾಗಿದ್ದರೂ ಒಳಗೆ ಐಸ್ ಇತ್ತು. ಮೇಲಿದ್ದ ತೆಳು ಪ್ಯಾಕೆಟ್‌ಗಳ ಬಂಗುಡೆ ಮಾತ್ರ ಪೂರ್ತಿ ಮೆತ್ತಗೆ, ಥರ್ಮಾಮೀಟರ್‌ನಲ್ಲಿ 7 ಡಿಗ್ರಿ. ವಾಸನೆ ಏನೂ ಇರಲಿಲ್ಲ.

"ಚೆನ್ನಾಗೇ ಇದೆಯಲ್ಲೋ, ಇವತ್ತೇ ಹುಳಿ ಹಾಕಿ ಸಾರು ಮಾಡ್ತೀನಿ" ಅಂದರು ಅಮ್ಮ. 7 ಡಿಗ್ರಿಗೆ ಯಾವಾಗ ಬಂತು ಅಂತ ನನಗೆ ಗೊತ್ತಿಲ್ಲಮ್ಮ, ಗೊತ್ತಿಲ್ಲದ್ದನ್ನು ಮಗುಗೆ ಬಡಿಸೋದು ಬೇಡ ಅಂದೆ. 4 ಕೆಜಿ ಬಂಗುಡೆ ಗುಂಡಿಗೆ ಹೋಯ್ತು. ಅಮ್ಮ ಎರಡು ದಿನ ಗೊಣಗಿದರು. ಕೋಳಿ ಎಲ್ಲ ಉಳಿಯಿತು.

ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಶುಗರ್ ಇರೋರು ಮನೆಯಲ್ಲಿದ್ದರೆ ಇನ್ನೂ ಬಿಗಿ ಇರಲಿ.

ಮಾರಾಟ ಮಾಡೋರಿಗೆ

ನನ್ನ ನಿಯಮ ಇದು: ಐಸ್ ಉಳಿದಿದ್ದ ಮಾಲನ್ನೂ ಮತ್ತೆ ಫ್ರೀಜ್ ಮಾಡಿ ಹೊರಗೆ ಮಾರೋದಿಲ್ಲ, ಮನೆಗೆ ಬಳಸ್ತೀನಿ. ಗಿರಾಕಿ ಮನೆ ತಲುಪೋ ಹೊತ್ತಿಗೆ ಅದು ಇನ್ನೊಮ್ಮೆ ಕರಗಬಹುದು. ಅದರ ಹಿಂದಿನ ಕಥೆ ಅವರಿಗೆ ಗೊತ್ತಿರಲ್ಲ, ನಮಗೆ ಗೊತ್ತಿರುತ್ತೆ. ಕಲ್ಲಿನಂತೆ ಉಳಿದದ್ದನ್ನು ಮಾತ್ರ ಕೊಡ್ತೀನಿ. ಆರ್ಡರ್ ಕೊಟ್ಟವರಿಗೆ "ಕರೆಂಟ್ ಇರಲಿಲ್ಲ, ಈ ವಾರ ಮೀನು ಇಲ್ಲ" ಅಂತ ಒಂದು ಮೆಸೇಜ್ ಹಾಕಿದೆ. ಯಾರೂ ಆರ್ಡರ್ ನಿಲ್ಲಿಸಲಿಲ್ಲ.

ಎಸೆಯೋದು ಹೇಗೆ?

ನಾಯಿ, ಹಂದಿ, ಕೋಳಿಗೆ ಹಾಕಬೇಡಿ. ಕೆಟ್ಟ ಮಾಂಸದಿಂದ ಅವಕ್ಕೂ ಕಾಯಿಲೆ ಬರುತ್ತೆ. ಬಾವಿ, ಹಳ್ಳದಿಂದ ದೂರ, ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಫ್ರೀಜರನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ವಾಸನೆ ಉಳಿದರೆ ಅಡುಗೆ ಸೋಡ ಕಲಸಿದ ನೀರಲ್ಲಿ ಒರೆಸಿ.

ಈ ಮಳೆಗಾಲಕ್ಕೆ ಮೊದಲೇ ಮಾಡಿಕೊಳ್ಳಿ

- ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಡಿ. ನೀರು ಐಸ್ ಆದಾಗ ಉಬ್ಬುತ್ತೆ, ಮೇಲೆ ಜಾಗ ಬಿಡಿ. ಐಸ್ ಹೆಚ್ಚಿದ್ದಷ್ಟೂ ಹೆಚ್ಚು ಹೊತ್ತು ತಡೆಯುತ್ತೆ.
- ಹಸಿ ಮಾಂಸ, ಮೀನು ತಳದಲ್ಲಿ, ಹಣ್ಣು ಮೇಲೆ. ತಳ ಹೆಚ್ಚು ಹೊತ್ತು ತಣ್ಣಗಿರುತ್ತೆ, ಸೋರಿದರೂ ಹಣ್ಣಿಗೆ ತಾಗಲ್ಲ. ಆ ಜುಲೈ ಕಳೆದ ಮೇಲೆ ನಮ್ಮಲ್ಲೂ ಮೀನು ತಳಕ್ಕೆ ಹೋಗಿದೆ.
- ಪ್ರತಿ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ.
- ಮುಚ್ಚಳದ ರಬ್ಬರ್ ನಡುವೆ ಒಂದು ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬದಲಾಯಿಸಿ.
- ಲೋ ವೋಲ್ಟೇಜ್ ಇರೋ ಕಡೆ ಸ್ಟೆಬಿಲೈಸರ್ ಹಾಕಿಸಿ.

ಲೋಟ, ನಾಣ್ಯ, ನೀರಿನ ಬಾಟಲಿಗೆ ಖರ್ಚೇನೂ ಇಲ್ಲ. ಇವತ್ತು ರಾತ್ರಿಯೇ ಲೋಟದಲ್ಲಿ ನೀರು ಹಾಕಿ ಫ್ರೀಜರ್‌ಗಿಡಿ, ನಾಳೆ ಬೆಳಗ್ಗೆ ಮೇಲೆ ನಾಣ್ಯ ಇಡಿ. ಮುಂದಿನ ಸಲ ಕರೆಂಟ್ ಬಂದಾಗ ಮೂಸೋ ಮೊದಲು ನಾಣ್ಯ ಎಲ್ಲಿದೆ ಅಂತ ನೋಡಿ.