ಹುಳುಕು ತುಂಬುವ ಸಿಮೆಂಟು, ಅದರ ಮೇಲೆ ಕಟ್ಟುವ ಪ್ಲಾಕ್

ಹಲ್ಲಿನ ಹುಳುಕು ತುಂಬಿಸಿದ ಮಾತ್ರಕ್ಕೆ ಬ್ಯಾಕ್ಟೀರಿಯಾಗಳ ಕಾಟ ತಪ್ಪುವುದಿಲ್ಲ. ಫಿಲ್ಲಿಂಗಿನ ಮೇಲೂ ಕೆಲವೇ ಗಂಟೆಗಳಲ್ಲಿ ಅವುಗಳ ಅಂಟುಪದರ, ಅಂದರೆ ಪ್ಲಾಕ್, ಕಟ್ಟತೊಡಗುತ್ತದೆ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ನೆಲ ಒಮ್ಮೆ ಒರೆಸಿದರೆ ಸ್ವಚ್ಛ. ಒರಟು ಚಪ್ಪಡಿಯಲ್ಲಿ ಕೊಳೆ ಉಳಿದೇ ಉಳಿಯುತ್ತದೆ. ಬಾಯಲ್ಲೂ ಅದೇ ಲೆಕ್ಕ. ಆದರೆ ಇಲ್ಲಿನ ಗಡಿ ತೀರ ಸೂಕ್ಷ್ಮ: ಒರಟುತನ ಸುಮಾರು 0.2 ಮೈಕ್ರೋಮೀಟರ್ ದಾಟಿದರೆ ಪ್ಲಾಕ್ ಹೆಚ್ಚುತ್ತದೆ.

ಹಲ್ಲಿನ ಬಣ್ಣದ ಕಾಂಪೋಸಿಟ್ ನೋಡಲು ಚೆಂದ, ಪ್ಲಾಕಿನ ವಿಷಯದಲ್ಲಿ ಮಾತ್ರ ದುರ್ಬಲ. ಗಟ್ಟಿಯಾಗುವಾಗ ಅದು ಕುಗ್ಗುವುದರಿಂದ ಅಂಚಿನಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವಂಥ ಸಂದಿ ಬೀಳಬಹುದು. ಹಳೆಯ ಲೋಹದ ಫಿಲ್ಲಿಂಗಾದ ಅಮಾಲ್ಗಮ್ಮಿನಿಂದ ಹೊರಬರುವ ಬೆಳ್ಳಿ, ತಾಮ್ರದ ಅಯಾನುಗಳು ಬ್ಯಾಕ್ಟೀರಿಯಾಗಳನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಆದರೆ ಅದರಲ್ಲಿರುವ ಪಾದರಸದ ಕಾರಣಕ್ಕೆ ಅಮಾಲ್ಗಮ್ ಬಳಕೆ ಕಡಿಮೆಯಾಗುತ್ತಿದೆ. ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ರೂಪಿಸಿದ ಗ್ಲಾಸ್ ಅಯೊನೊಮರ್ ಸಿಮೆಂಟು ಫ್ಲೋರೈಡ್ ಬಿಡುತ್ತದೆ. ಮೊದಲ ಒಂದೆರಡು ದಿನ ಧಾರಾಳ, ಆಮೇಲೆ ಅಲ್ಪಸ್ವಲ್ಪ. ಫ್ಲೋರೈಡ್ ಪೇಸ್ಟಿನಿಂದ ಉಜ್ಜಿದಾಗ ಅದು ಮತ್ತೆ ಒಂದಿಷ್ಟು ಹೀರಿಕೊಳ್ಳುತ್ತದೆ. ಆದರೂ ಸವೆದು ಒರಟಾದರೆ ಅದರ ಮೇಲೂ ಪ್ಲಾಕ್ ಕಟ್ಟುತ್ತದೆ. ಫ್ಲೋರೈಡ್ ಇದೆಯೆಂದು ಉಜ್ಜದೆ ಬಿಡುವಂತಿಲ್ಲ.

ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಸುಣ್ಣದ ಕಲ್ಲಿನಿಂದ ತಯಾರಾಗುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೂ ಹಲ್ಲಿಗೂ ನಂಟಿದೆ. 1990ರ ದಶಕದಲ್ಲಿ ಬಂದ ಎಂಟಿಎ ಎಂಬ ದಂತಚಿಕಿತ್ಸೆಯ ವಸ್ತುವಿನ ಬಹುಪಾಲು ಶುದ್ಧೀಕರಿಸಿದ ಅದೇ ಬಗೆಯ ಸಿಮೆಂಟು. ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿರುತ್ತಾರೆ. ನೀರು ತಾಗಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟಿ ಪಿಎಚ್ 12ರ ಆಸುಪಾಸಿಗೆ ಏರುತ್ತದೆ. ಅಷ್ಟು ಕ್ಷಾರದಲ್ಲಿ ಅನೇಕ ಬ್ಯಾಕ್ಟೀರಿಯಾಗಳು ಬಾಳಲಾರವು. ಆದರೆ ಅದರ ಬಳಕೆ ಹೆಚ್ಚಾಗಿ ಹಲ್ಲಿನ ಬೇರು ಮತ್ತು ತಿರುಳಿನ ಚಿಕಿತ್ಸೆಗೆ. ಅಗಿಯುವ ಮೇಲ್ಭಾಗಕ್ಕೆ ಬೇರೆ ಫಿಲ್ಲಿಂಗೇ ಬೇಕು.